ಮೂಲಪುರುಷರ ಕೋಟಿನ ಮೇಲೆ ಒಂದು ಹನಿ

ಕೈ ಕೆಸರಾದರೆ ಮೇಲಿನವರ ಬಾಯಿ ಮೊಸರು. ಗಾದೆ ಹಾಗಲ್ಲ ಎಂದು ಯಾರಾದರೂ ತಿದ್ದಲು ಬಂದರೆ, ಅವರು ಯಾವತ್ತೂ ಇನ್ನೊಬ್ಬರ ಕೈಕೆಳಗೆ ಕೆಲಸ ಮಾಡಿದವರಲ್ಲ ಎಂದು ತಿಳಿದು ಸುಮ್ಮನೆ ಬಿಟ್ಟುಬಿಡಬೇಕು. ಗಾದೆ ಕಟ್ಟಿದ ಮಹಾನುಭಾವ, ಕೆಸರಾದದ್ದು ಯಾರ ಕೈ, ಮೊಸರು ಬಿದ್ದದ್ದು ಯಾರ ಬಾಯಿಗೆ ಎಂದು ಹೇಳದೆ ಜಾರಿಕೊಂಡ. ಅವನು ನುಂಗಿಕೊಂಡದ್ದನ್ನು ಇಲ್ಲಿ ಹೇಳಲಾಗುತ್ತದೆ. ಇದು ನಡೆದ ಕತೆ. ಒಂದಕ್ಷರ ಸುಳ್ಳಿಲ್ಲ, ಒಂದೆರಡು ವಾಕ್ಯ ಇದ್ದರೆ ಇರಬಹುದು.

ಕೆಸರಾದ ಕೈ ಪಾಚಿಯದು. ತೊಟ್ಟಿಲಲ್ಲಿ ಇಟ್ಟ ಹೆಸರು ಬೇರೆ ಇತ್ತು. ಅದನ್ನು ಆಫೀಸಿನ ಹಾಜರಿ ಯಂತ್ರವೊಂದನ್ನು ಬಿಟ್ಟು ಯಾರೂ ನೆನಪಿಟ್ಟುಕೊಂಡಿರಲಿಲ್ಲ. ಅವಳು ಸಸ್ಯ ಸಂಗ್ರಹಾಲಯದಲ್ಲಿ ಕಲ್ಲುಹೂವುಗಳ ಸಂಶೋಧಕಿ. ಕಲ್ಲುಹೂವು ಹೆಸರಿಗಷ್ಟೇ ಹೂವು. ಬಂಡೆಯ ಮೇಲೆ, ಮರದ ತೊಗಟೆಯ ಮೇಲೆ, ಹಳೆಯ ಗೋಡೆಯ ಮೇಲೆ ಯಾರೋ ಬೂದಿ ಎರಚಿ ಮರೆತುಹೋದಂತೆ ಅಂಟಿಕೊಂಡಿರುವ ಜೀವ ಅದು. ಹೊರಗೆ ಗೋಡೆಯಾಗಿ ನಿಂತ ಒಂದು ಶಿಲೀಂಧ್ರ, ಒಳಗೆ ಬಿಸಿಲು ಹಿಡಿದು ಅಡುಗೆ ಮಾಡುವ ಒಂದು ಪಾಚಿ, ಎರಡೂ ಸೇರಿ ನಡೆಸುವ ಸಂಸಾರ. ಮನೆಯಲ್ಲಿ ಇದನ್ನು ಮೊದಲ ಸಲ ವಿವರಿಸಿದಾಗ ಅವಳ ಅಕ್ಕ, "ಅಂದ್ರೆ ದುಡಿಯೋದು ಒಬ್ಬರು, ಮನೆ ಇನ್ನೊಬ್ಬರ ಹೆಸರಲ್ಲಿ. ಹಾಗಾದ್ರೆ ನೀನೇ ಆ ಪಾಚಿ ಬಿಡು," ಎಂದಿದ್ದಳು. ಹೆಸರು ಫೋನಿನ ತಂತಿ ಹಿಡಿದು ಆಫೀಸಿಗೆ ಬಂತು, ಬಂದದ್ದು ಕಲ್ಲುಹೂವಿನಷ್ಟೇ ಭದ್ರವಾಗಿ ಅಂಟಿಕೊಂಡಿತು.

ಮೊಸರು ಬಿದ್ದ ಬಾಯಿ ಮೂಲಪುರುಷರದು. ವಿಭಾಗದ ಹಿರಿಯರು. ಹರೆಯದಲ್ಲಿ ಬೆಟ್ಟದ ಕಾಡಿನಿಂದ ಒಂದು ಹೊಸ ಕಲ್ಲುಹೂವು ತಂದು, ವಿವರಿಸಿ, ಹೆಸರಿಟ್ಟವರು. ಒಳ್ಳೆಯ ಕೆಲಸವೇ. ಆದರೆ ಆಮೇಲೆ ಯಾರು ಏನೇ ತಂದು ಮುಂದಿಟ್ಟರೂ ಅವರಿಗೆ ಅದರಲ್ಲಿ ತಮ್ಮ ಮಗುವಿನ ಮೂಗು, ತಮ್ಮ ಮಗುವಿನ ಕಿವಿ ಕಾಣತೊಡಗಿತು. "ಇದು ಹೊಸದಲ್ಲ, ನನ್ನದೇ," ಎನ್ನುವರು. ತೊಗಟೆಯ ಮೇಲಿನದೂ ಅವರದೇ, ಬಂಡೆಯ ಮೇಲಿನದೂ ಅವರದೇ. ಒಮ್ಮೆ ಬಸ್‌ನಿಲ್ದಾಣದ ಕಂಬದ ಮೇಲಿನ ಬಣ್ಣದ ಸಿಪ್ಪೆಯೂ ಅವರದೇ ಆಗಿತ್ತಂತೆ. ಆ ಒಂದು ವಾಕ್ಯವನ್ನು ಮಾತ್ರ ಓದುಗರು ನಂಬಲೇಬೇಕೆಂದಿಲ್ಲ.

ಅವರಿಗೆ ವರ್ಷವಿಡೀ ನೆಗಡಿ. ಮೂಗು ಕಟ್ಟಿಕೊಂಡು 'ಮ' ಎಂದರೆ 'ಬ' ಆಗುತ್ತಿತ್ತು, 'ನ' ಎಂದರೆ 'ದ'. "ಅಮ್ಮಾ" ಎಂದು ಪ್ರೀತಿಯಿಂದ ಕರೆದರೆ "ಅಬ್ಬಾ" ಎಂದು ಬೆಚ್ಚಿಬಿದ್ದಂತೆ ಕೇಳುತ್ತಿತ್ತು. "ನನ್ನದೇ" ಎಂಬುದು "ದದ್ದದೇ" ಆಗಿ ಹೊರಬರುತ್ತಿತ್ತು. ಓದುಗರ ಸುಖಕ್ಕಾಗಿ ಇನ್ನು ಮುಂದೆ ಅವರ ಮೂಗನ್ನು ಆದಷ್ಟು ಬಿಡಿಸಿ ಬರೆಯಲಾಗಿದೆ. ಆ ಒಂದು ಪದವನ್ನು ಮಾತ್ರ ಬಿಡಿಸಲು ಮನಸ್ಸಾಗಲಿಲ್ಲ.

ಪಾಚಿ ಈಗಾಗಲೇ ಎರಡು ಸಲ ಸೋತಿದ್ದಳು. ಅವಳು ಹೊಸದೆಂದು ತಂದ ಎರಡು ಕಲ್ಲುಹೂವುಗಳು "ದದ್ದದೇ" ಎನಿಸಿಕೊಂಡು ಮೂಲಪುರುಷರ ಪ್ರಭೇದದ ಕಪಾಟಿಗೆ ಹೋಗಿ ಮಲಗಿದ್ದವು. ನಾಫ್ತಲೀನ್ ವಾಸನೆಯ ಆ ಉದ್ದನೆಯ ಕೋಣೆಯಲ್ಲಿ, ಮಡಚಿದ ಕಾಗದದ ಪೊಟ್ಟಣಗಳ ನಡುವೆ, ಹೆಸರು ಸಿಗದೆ. ಹೆಸರಿಲ್ಲದ ಜೀವವನ್ನು ಯಾರೂ ಹುಡುಕುವುದಿಲ್ಲ, ಅದು ಇಲ್ಲವಾದರೆ ಯಾರಿಗೂ ಗೊತ್ತಾಗುವುದಿಲ್ಲ. ಎರಡನೆಯದನ್ನು ಕಪಾಟಿಗೆ ಹಾಕಿದ ದಿನ ಅವಳು ಮೆಟ್ಟಿಲ ಮೇಲೆ ನಿಂತು ತನಗೆ ತಾನೇ ಅಂದುಕೊಂಡಿದ್ದಳು: ಮೂರನೆಯದನ್ನು ನುಂಗಲು ಬರಲಿ, ಗಂಟಲಲ್ಲಿ ಅಡ್ಡ ನಿಲ್ಲುತ್ತೇನೆ.

ಮೂರನೆಯದು ಸಿಕ್ಕಿದ್ದು ಜಿಗಣೆಯ ದಯೆಯಿಂದ. ಬೆಟ್ಟದ ಇಳಿಜಾರಿನ ಕಾಡು. ಗಾಳಿಯೇ ಒದ್ದೆ ಬಟ್ಟೆಯಂತೆ ಮೈಗೆ ಅಂಟುವ ಜಾಗ. ಕಾಲಿಗೆ ಹತ್ತಿದ ಜಿಗಣೆಯನ್ನು ಕೀಳಲು ಅವಳು ಒಂದು ನುಣುಪು ತೊಗಟೆಯ ಮರಕ್ಕೆ ಮೊಣಕೈ ಊರಿ ಬಗ್ಗಿದಳು. ಮೊಣಕೈ ಪಕ್ಕದಲ್ಲೇ ಬೂದುಹಸಿರು ಹೊದಿಕೆಯೊಂದು ತೊಗಟೆಗೆ ಹತ್ತಿಕೊಂಡಿತ್ತು. ಅದರ ತುಂಬ ಕಪ್ಪು ಗೀರುಗಳು, ಅಕ್ಷರ ಬಾರದವರು ಅರ್ಜಿ ಬರೆಯಲು ಕುಳಿತ ಹಾಗೆ. ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಮಸೂರವನ್ನು ಕಣ್ಣಿಗೆ ಹಿಡಿದು ನೋಡಿದಳು. ಮೂಲಪುರುಷರ ಪ್ರಭೇದಕ್ಕೆ ಹತ್ತಿರದ್ದೇ, ಸಂದೇಹವಿಲ್ಲ. ಆದರೆ ಗೀರುಗಳ ಅಂಚು ಬೇರೆ, ತುಟಿ ಬಿಗಿಹಿಡಿದಂತೆ. ಅವಳು ಬ್ಲೇಡಿನಿಂದ ಮೇಲ್ಪದರವನ್ನು ಒಂದಿಷ್ಟು ಹೆರೆದು, ಜೇಬಿನ ಪುಟ್ಟ ಶೀಶೆಯಿಂದ ಒಂದು ಹನಿ ಬ್ಲೀಚು ಬಿಟ್ಟಳು. ಬಟ್ಟೆ ಬಿಳಿ ಮಾಡುವ ಅದೇ ಬ್ಲೀಚು. ಕಲ್ಲುಹೂವಿನವರಿಗೆ ಅದು ಪಂಚಾಯಿತಿ ಕಟ್ಟೆ ಇದ್ದ ಹಾಗೆ: ಕೆಲವು ಕಲ್ಲುಹೂವುಗಳು ಅದು ಬಿದ್ದ ಕೂಡಲೇ ಕೆಂಪಾಗುತ್ತವೆ, ಕೆಲವು ಜಪ್ಪಯ್ಯ ಎಂದರೂ ಆಗುವುದಿಲ್ಲ. ಮೂಲಪುರುಷರದು ಆಗದ ಜಾತಿ.

ಇದು ಆಯಿತು. ಗುಲಾಬಿ, ಗುಲಾಬಿಯಿಂದ ರಕ್ತ, ರಕ್ತದಿಂದ ಮತ್ತೆ ಏನೂ ಇಲ್ಲ. ಕೆಂಪು ಎಷ್ಟು ಬೇಗ ಬಂತೋ ಅಷ್ಟೇ ಬೇಗ ಮಾಯವಾಯಿತು. ಪಾಚಿ ಕೂಗಿದ ಕೂಗಿಗೆ ಮರದ ಮೇಲಿನ ಹಕ್ಕಿಗಳು ಹಾರಿಹೋದವು. ಜಿಗಣೆ ಮಾತ್ರ ತನ್ನ ಪಾಡಿಗೆ ಊಟ ಮುಂದುವರಿಸಿತು.

ಊರಿಗೆ ಬಂದು ಅವಳು ಅದರ ತೆಳುವಾದ ಸೀಳು ಕತ್ತರಿಸಿದಳು, ಸೂಕ್ಷ್ಮದರ್ಶಕದಡಿ ಬೀಜಕಣಗಳನ್ನು ಅಳೆದಳು, ಚಿತ್ರ ಬರೆದಳು, ವಿವರಣೆ ಬರೆದಳು. ಬೀಜಕಣಗಳೂ ದೊಡ್ಡವು. ಎಲ್ಲ ಸರಿ. ಉಳಿದದ್ದು ಸಂಗ್ರಹಾಲಯದ ಪದ್ಧತಿ ಒಂದೇ: ವರ್ಷಕ್ಕೊಮ್ಮೆ ನಡೆಯುವ ಪ್ರಭೇದ ಸಭೆಯಲ್ಲಿ ಮೂಲಪುರುಷರ ಒಪ್ಪಿಗೆ ಸಿಗದೆ ಯಾವ ಕಲ್ಲುಹೂವಿನ ವಿವರಣೆಯೂ ಹೊರಗೆ ಹೋಗುವಂತಿಲ್ಲ. ಮತ್ತು ಬ್ಲೀಚಿನ ಹನಿ ಅವರ ಬಾಟಲಿಯದೇ ಆಗಿರಬೇಕು.

ಆ ಬಾಟಲಿಗೆ ಒಂದು ಗತ್ತಿತ್ತು. ಕಂದು ಗಾಜು, ಉಜ್ಜಿದ ಗಾಜಿನ ಬಿರಡೆ, ಕತ್ತಿಗೆ ಸುತ್ತಿದ ಮೆತ್ತನೆ ಬಟ್ಟೆ. ಬಂದವರಿಗೆಲ್ಲ ಕಾಣಲೆಂದು ಅವರ ಕೋಣೆಯ ಕಿಟಕಿಯ ಕಟ್ಟೆಯ ಮೇಲೆ, ಬಿಸಿಲಿಗೆ ಎದೆಯೊಡ್ಡಿ ಕೂತಿರುತ್ತಿತ್ತು. ಯಾರೂ ಮುಟ್ಟುವಂತಿಲ್ಲ. "ಅಂಗಡಿ ಬ್ಲೀಚಿನಲ್ಲಿ ಸೆಂಟು ಬೆರೆಸಿರ್ತಾರೆ. ಇದು ಹಳೇ ಸ್ನೇಹ ಇದ್ದ ಹಾಗೆ, ಹಳೇದಾದಷ್ಟೂ ಗಟ್ಟಿ," ಎನ್ನುತ್ತಿದ್ದರು.

ಸಭೆಗೆ ಎರಡು ದಿನ ಮುಂಚೆ ಪಾಚಿ ತನ್ನ ಪೊಟ್ಟಣ ಹಿಡಿದು ಅವರ ಕೋಣೆಗೆ ಹೋದಳು. ಅವರು ಮಾದರಿಯನ್ನು ತಿರುಗಿಸಿ ನೋಡಿದರು, ಬಾಟಲಿ ಎತ್ತಿ ಒಂದು ಹನಿ ಬಿಟ್ಟರು. ಇಬ್ಬರೂ ಬಗ್ಗಿ ನೋಡಿದರು. ಹನಿ ಹನಿಯಾಗಿಯೇ ಉಳಿಯಿತು. ಕೆಂಪೂ ಇಲ್ಲ, ಗುಲಾಬಿಯೂ ಇಲ್ಲ.

"ದದ್ದದೇ," ಎಂದರು ಮೂಲಪುರುಷರು, ಮೊಮ್ಮಗುವನ್ನು ಗುರುತಿಸಿದ ಅಜ್ಜನ ಸಂತೋಷದಲ್ಲಿ.

"ಸಾರ್, ಕಾಡಲ್ಲಿ ಕೆಂಪಾಯ್ತು. ಇಲ್ಲೂ ನನ್ನ ಟೇಬಲ್ಲಲ್ಲಿ ಆಯ್ತು. ಕಣ್ಣಾರೆ ನೋಡಿದೀನಿ."

"ಕಾಡಲ್ಲಿ ಏನೇನೋ ಆಗುತ್ತಮ್ಮಾ. ಸೊಳ್ಳೆ ಕಚ್ಚಿ ಕೆಂಪಾಗಿರುತ್ತೆ."

"ಕಲ್ಲುಹೂವಿಗೆ ಸೊಳ್ಳೆ ಕಚ್ಚುತ್ತಾ ಸಾರ್?"

"ನಿನ್ನ ಟೇಬಲ್ಲಿನ ಬ್ಲೀಚು ಕಚ್ಚಿರುತ್ತೆ. ಸೆಂಟು!" ಎಂದು ಅವರು ಬಿರಡೆ ತಿರುಗಿಸಿದರು. ಆ ತಿರುಗಿಸುವಿಕೆಯಲ್ಲಿ ಬಾಯಿಯಂಚಿನ ಒಂದು ಹನಿ ಸಿಡಿದು ಪಾಚಿಯ ಕಪ್ಪು ಅಂಗಿಯ ತೋಳಿನ ಮೇಲೆ ಬಿತ್ತು.

ಪಾಚಿ ಹಾರಿ ನಲ್ಲಿಯ ಕಡೆ ಓಡಿದಳು. ಅವಳು ಬೆಳೆದದ್ದು ಲಾಂಡ್ರಿಯ ಮೇಲಿನ ಮಹಡಿಯಲ್ಲಿ. ಕಪ್ಪು ಬಟ್ಟೆಯ ಮೇಲೆ ಬ್ಲೀಚು ಬಿದ್ದರೆ ಆಮೇಲೆ ಅತ್ತರೂ ಬಣ್ಣ ಬಾರದು ಎಂಬುದು ಅವಳಿಗೆ ಅಕ್ಷರಕ್ಕಿಂತ ಮುಂಚೆ ಬಂದ ವಿದ್ಯೆ. ಆದರೆ ನಲ್ಲಿಯಡಿ ತೋಳು ಒಡ್ಡುವ ಮೊದಲು ಅವಳ ಕಣ್ಣು ತೋಳಿನ ಮೇಲೆ ನಿಂತಿತು. ಕಪ್ಪು ಕಪ್ಪಾಗಿಯೇ ಇತ್ತು. ಮೂಸಿ ನೋಡಿದಳು. ಮೂಗಿಗೆ ಬಡಿಯಬೇಕಾದ ಆ ಘಾಟು ಇಲ್ಲ. ಒದ್ದೆ ಬಟ್ಟೆಯ ವಾಸನೆ, ಅಷ್ಟೇ.

ಅವಳಿಗೆ ಎಲ್ಲವೂ ಒಟ್ಟಿಗೆ ಹೊಳೆಯಿತು. ಬ್ಲೀಚು ಬಿಸಿಲಲ್ಲಿ ಕೂತರೆ ಸಾಯುತ್ತದೆ. ತಿಂಗಳುಗಳಲ್ಲಿ ಬರೀ ಉಪ್ಪುನೀರು. ಆ ಬಾಟಲಿ ಕಿಟಕಿಯಲ್ಲಿ ಕೂತು ವರ್ಷಗಳಾಗಿವೆ. ಸತ್ತ ಬಾಟಲಿ ಯಾವುದನ್ನೂ ಕೆಂಪು ಮಾಡದು, ಕೆಂಪಾಗದ್ದೆಲ್ಲ ಮೂಲಪುರುಷರದು. ಮೂಗು ಕಟ್ಟಿದವರಿಗೆ ವಾಸನೆ ತಿಳಿಯದು, ಬೇರೆಯವರು ಮುಟ್ಟುವಂತಿಲ್ಲ. ಅವಳ ಮೊದಲಿನೆರಡು ಮಕ್ಕಳನ್ನು ನುಂಗಿದ್ದು ಹೊಟ್ಟೆಕಿಚ್ಚಲ್ಲ, ಪಾಂಡಿತ್ಯವೂ ಅಲ್ಲ. ಒಂದು ಚಮಚ ನೀರು.

"ಸಾರ್, ಬಾಟಲಿ—"

"ಬಾಟಲಿ ವಿಷಯ ಎತ್ತಬೇಡ. ನೀನು ಹುಟ್ಟೋಕೆ ಮುಂಚಿನ ಬಾಟಲಿ ಅದು."

"ಅದೇ ಸಾರ್ ನಾನೂ ಹೇಳ್ತಿರೋದು."

"ಹೋಗಮ್ಮಾ," ಎಂದರು. "ಅಬ್ಬಾ" ಎಂದೇ ಕೇಳಿಸಿತು.

ಮರುದಿನ ಹೊರಗಿನ ಕಾರಿಡಾರಿನಲ್ಲಿ ಜರಿ ಸಿಕ್ಕ. ಅವನು ಜರೀಗಿಡಗಳ ಸಂಶೋಧಕ. ಆ ಹೆಸರಿಗೆ ಅದು ಒಂದು ಕಾರಣ, ಕಂಡವರನ್ನೆಲ್ಲ ಜರಿಯುವುದು ಇನ್ನೊಂದು. ಆದರೆ ಎದುರಿಗೆ ಯಾರನ್ನೂ ಜರಿದವನಲ್ಲ. ಅವನ ಧೈರ್ಯವೆಲ್ಲ ಬೆನ್ನ ಹಿಂದೆಯೇ.

"ಏನಂದ್ರು?" ಎಂದ.

ಪಾಚಿ ಸೊಂಟಕ್ಕೆ ಕೈಯಿಟ್ಟು, ಹೊಟ್ಟೆ ಮುಂದೆ ಮಾಡಿ, ಮೂಗಿನ ಎರಡೂ ಹೊಳ್ಳೆಗಳನ್ನು ಒಳಗಿನಿಂದಲೇ ಮುಚ್ಚಿದಳು. ಅವಳು ಯಾರನ್ನಾದರೂ ಒಂದು ಸಲ ಕೇಳಿದರೆ ಸಾಕು, ಆ ಗಂಟಲು ಅವಳದಾಗುತ್ತಿತ್ತು. ಮನೆಯಲ್ಲಿ ಭಾವನ ದನಿಯಲ್ಲಿ ಅಕ್ಕನಿಂದ ಕಾಫಿ ಮಾಡಿಸಿಕೊಂಡವಳು ಅವಳು.

"ದೋಡಬ್ಬಾ, ಇದು ದದ್ದ ಬಾಟಲಿ," ಎಂದಳು, ಮೂಲಪುರುಷರ ದನಿಯಲ್ಲೇ. "ಈ ಬಾಟಲಿ ಸತ್ತು ಬಹಳ ವರ್ಷ ಆಯ್ತು. ದಾದು ಅದರ ಹೆಣ ಕಿಟಕೀಲಿ ಕೂರಿಸಿ ಪೂಜೆ ಬಾಡ್ತಿದೀದಿ. ಇದರಲ್ಲಿರೋದು ದೀರು. ಬರೀ ದೀರು!"

ಜರಿ ಗೋಡೆ ಹಿಡಿದುಕೊಂಡು ನಕ್ಕ. ನಕ್ಕು ಸುಸ್ತಾದ ಮೇಲೆ ಗಾಬರಿಯಾದ. "ನಿಜನಾ?"

"ನಿನ್ನೆ ಇದೇ ಅಂಗಿಯ ತೋಳಿನ ಮೇಲೆ ಹನಿ ಬಿತ್ತು. ಬಣ್ಣ ಹೋಗಿದೆಯಾ ನೋಡು."

"ಹಾಗಾದ್ರೆ ಸಭೆಯಲ್ಲಿ ಹೇಳಿಬಿಡು."

"ಹೇಳಿದ್ರೆ ನಂಬ್ತಾರಾ? ಅವರ ಬಾಟಲಿ, ಅವರ ಕೈ, ಅವರ ಬಾಯಿ. ಹೇಳಲ್ಲ ಕಣೋ, ತೋರಿಸ್ತೀನಿ."

"ಯಾವುದರ ಮೇಲೆ?"

ಆ ಪ್ರಶ್ನೆಗೆ ಉತ್ತರ ಅವತ್ತು ಸಂಜೆ ಮನೆಯ ಕೆಳಗಿನ ಲಾಂಡ್ರಿಯಲ್ಲಿ, ಹ್ಯಾಂಗರಿಗೆ ನೇತುಬಿದ್ದು ಕಾಯುತ್ತಿತ್ತು.

ಅಕ್ಕ-ಭಾವನ ಲಾಂಡ್ರಿ ನೆಲಮಾಳಿಗೆಗೆ ಇಳಿಯುವ ಬಾಗಿಲ ಪಕ್ಕದ ಒಂದೇ ಕೋಣೆ. ಆವಿ, ಸೋಪಿನ ಪುಡಿ, ಬಿಸಿ ಬಟ್ಟೆಯ ವಾಸನೆ. ಇಸ್ತ್ರಿ ಮಾಡುವ ಉದ್ದ ಹಲಗೆಯ ಹಿಂದೆ ಕಡುನೀಲಿ ಹತ್ತಿಯ ಕೋಟು ತೂಗುತ್ತಿತ್ತು. ಪಾಚಿಗೆ ಅದರ ಗುರುತು ಸಿಕ್ಕಿತು. ಪ್ರತಿ ಸಭೆಗೂ ಮೂಲಪುರುಷರು ಅದನ್ನೇ ತೊಡುತ್ತಿದ್ದರು. ಬೇರೆ ದಿನ ಮುಟ್ಟುತ್ತಿರಲಿಲ್ಲ.

"ಅದನ್ನ ಹಾಗೆ ನೋಡ್ಬೇಡ," ಎಂದಳು ಅಕ್ಕ, ಇಸ್ತ್ರಿಪೆಟ್ಟಿಗೆ ಎತ್ತದೆ. "ನೀನು ಹಾಗೆ ನೋಡಿದ ಹಲಸಿನ ಮರದ ತೊಗಟೆ ಮಾರನೇ ದಿನ ಇರಲಿಲ್ಲ."

"ಅಕ್ಕಾ, ಆ ಕೋಟಿನ ಮೇಲೆ ನೀರು ಬಿದ್ರೆ ಏನಾಗುತ್ತೆ?"

"ಒಣಗುತ್ತೆ."

"ಬ್ಲೀಚು ಬಿದ್ರೆ?"

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಇಟ್ಟಳು. "ನಿನ್ನ ಸಾರ್ ನಮ್ಮ ಗಿರಾಕಿ ಕಣೇ. ನಮ್ಮಮ್ಮ ಇದ್ದಾಗಿನಿಂದ ಗಿರಾಕಿ. ಬಟ್ಟೆ ಕಳೆದವರು ಬಂದಿದಾರೆ, ಗುಂಡಿ ಕಳೆದವರು ಬಂದಿದಾರೆ, ಬಣ್ಣ ಕಳೆದವರು ಈ ಅಂಗಡಿಗೆ ಬಂದಿಲ್ಲ."

"ಬಣ್ಣ ಹೋಗಲ್ಲ. ನೀರು ಅಂತ ನಂಗೆ ಗೊತ್ತು."

"ಗೊತ್ತಿದ್ರೆ ನಿನ್ನ ಕೋಟಿನ ಮೇಲೆ ಹಾಕ್ಕೋ."

"ನನ್ನ ಕೋಟಿಗೆ ಯಾರು ಬೆಲೆ ಕೊಡ್ತಾರೆ? ಅವರ ತೋಳಿನ ಮೇಲೆ ಬಿದ್ರೆ ಮಾತ್ರ ಅವರು ಕಣ್ಣು ಬಿಟ್ಟು ನೋಡೋದು. ತಮಾಷೆ ಏನು ಗೊತ್ತಾ ಅಕ್ಕಾ? ಕೋಟು ಉಳಿದ್ರೆ ಅವರ ವಿದ್ಯೆ ಹೋಗುತ್ತೆ, ವಿದ್ಯೆ ಉಳಿದ್ರೆ ಕೋಟು ಹೋಗುತ್ತೆ. ಯಾವುದು ಬೇಕು ಅಂತ ಅವರೇ ದೇವರಿಗೆ ಬೇಡಿಕೊಳ್ಳಲಿ."

ನೆಲಮಾಳಿಗೆಯಿಂದ ಭಾವ ಕೂಗಿದ: "ಆ ಕೋಟಿನ ಗುಂಡಿ ಸಡಿಲ ಇತ್ತು, ಹೊಲಿದಿದೀನಿ ಅಂತ ಹೇಳಮ್ಮಾ."

"ಹೇಳ್ತೀನಿ ಭಾವ, ಮೊದಲು ಗುಂಡಿಗೆ ಗಟ್ಟಿ ಮಾಡ್ಕೊಳ್ಳೋಕೆ ಹೇಳ್ತೀನಿ."

ಅಕ್ಕ ನಗಲಿಲ್ಲ. ಹಲಗೆಯ ಈಚೆ ಬಂದು ತಂಗಿಯ ಗಲ್ಲ ಹಿಡಿದು ಮುಖ ನೋಡಿದಳು. "ಇನ್ನೊಂದು ವರ್ಷ ಕಾದ್ರೆ ಆಗಲ್ವಾ? ಅವರು ನಿವೃತ್ತಿ ಆಗ್ತಾರೆ."

"ಆಗ್ತಾರೆ. ಬಾಟಲಿ ಆಗಲ್ಲ. ಇವರ ಕುರ್ಚಿಗೆ ಬರೋರು ಬಾಟಲಿನೂ ತಗೋತಾರೆ. ಆ ಕಪಾಟಲ್ಲಿ ನನ್ನ ಎರಡು ಮಲಗಿವೆ ಅಕ್ಕಾ. ಇದನ್ನ ಮಲಗಿಸಲ್ಲ."

"ಒಂದು ಚುಕ್ಕೆ ಬಿದ್ರೂ ನಿನ್ನ ಕಿವಿ ನನ್ನದು," ಎಂದಳು ಅಕ್ಕ.

"ಎರಡೂ ತಗೋ."

ಪ್ರಭೇದ ಸಭೆ ನಡೆಯುತ್ತಿದ್ದದ್ದು ಎರಡನೇ ಮಹಡಿಯ ಉದ್ದ ಮೇಜಿನ ಕೋಣೆಯಲ್ಲಿ. ಗೋಡೆಯಲ್ಲಿ ಹಿಂದಿನ ನಿರ್ದೇಶಕರ ಸಾಲು ಚಿತ್ರ, ತಲೆಯ ಮೇಲೆ ಗೊಣಗುವ ಪಂಖ. ಹುಲ್ಲಿನವರು, ಅಣಬೆಯವರು, ಜರಿ, ಎಲ್ಲರೂ ತಮ್ಮ ತಮ್ಮ ಪೊಟ್ಟಣಗಳೊಂದಿಗೆ ಕೂತಿದ್ದರು. ತುದಿಯಲ್ಲಿ ನಿರ್ದೇಶಕಿ, ಯಾರ ಮಾತು ಉದ್ದವಾದರೂ ಕನ್ನಡಕ ತೆಗೆದು ಒರೆಸುವುದು ಆಕೆಯ ಅಭ್ಯಾಸ. ಮೂಲಪುರುಷರು ಇಸ್ತ್ರಿಯ ಗೆರೆ ಮುರಿಯದ ನೀಲಿ ಕೋಟಿನಲ್ಲಿ ಬಂದು, ಬಾಟಲಿಯನ್ನು ಮೇಜಿನ ಮೇಲೆ ಮೂರ್ತಿ ಕೂರಿಸುವಂತೆ ಕೂರಿಸಿದರು.

ಪಾಚಿ ತನ್ನ ಕಲ್ಲುಹೂವಿನ ಕತೆ ಹೇಳಿದಳು. ಗೀರುಗಳ ಅಂಚು ತೋರಿಸಿದಳು, ಬೀಜಕಣಗಳ ಚಿತ್ರ ತೋರಿಸಿದಳು. "ಬೀಜಕಣ ವಯಸ್ಸಾದ್ರೆ ಊದಿಕೊಳ್ಳುತ್ತೆ," ಎಂದರು ಮೂಲಪುರುಷರು, ತಮ್ಮ ಹೊಟ್ಟೆ ನೇವರಿಸುತ್ತ. ಸಭೆ ನಕ್ಕಿತು. ನಿರ್ದೇಶಕಿ ಕನ್ನಡಕ ತೆಗೆದರು. "ಬ್ಲೀಚು ಹಾಕಿ ಮುಗಿಸೋಣ."

ಮೂಲಪುರುಷರು ಬಿರಡೆ ತೆಗೆದು ತೊಟ್ಟಿಕ್ಕುವ ನಳಿಗೆಯಲ್ಲಿ ದ್ರವ ಏರಿಸಿದರು. ಪಾಚಿ ಕೈಚಾಚಿದಳು. "ಈ ಸಲ ನಾನು ಹಾಕ್ಲಾ ಸಾರ್?"

ಅವರು ಉದಾರವಾಗಿ ನಳಿಗೆ ಕೊಟ್ಟರು. ಅವಳು ಅದನ್ನು ಮಾದರಿಯ ಕಡೆ ಒಯ್ದಳು, ಮಾದರಿಯನ್ನು ದಾಟಿಸಿದಳು, ಮೇಜಿನ ಮೇಲೆ ಒರಗಿದ್ದ ಕಡುನೀಲಿ ತೋಳಿನ ಮೇಲೆ ಹಿಡಿದು ಅದರ ರಬ್ಬರು ತಲೆ ಅದುಮಿದಳು. ಒಂದು ಹನಿ. ದುಂಡಗೆ ನಿಂತಿತು, ಆಮೇಲೆ ಇಂಗಿತು.

ಜರಿ ಮೇಜಿನ ಕೆಳಗೆ ಅವಳ ಕಾಲನ್ನು ಒದೆಯಲು ಹೋಗಿ ಅಣಬೆಯವರನ್ನು ಒದ್ದ.

"ಏನಿದು!" ಎಂದರು ನಿರ್ದೇಶಕಿ.

"ಪರೀಕ್ಷೆ ಮಾಡೋ ಬಾಟಲಿಗೂ ಒಂದು ಪರೀಕ್ಷೆ ಮೇಡಂ." ಪಾಚಿ ನಳಿಗೆಯನ್ನು ಬಾಟಲಿಯ ಪಕ್ಕದಲ್ಲಿಟ್ಟಳು. "ಈ ಬಾಟಲಿಯಲ್ಲಿರೋದು ನೀರು. ಬಿಸಿಲಿಗೆ ಸತ್ತಿದೆ. ಇದು ಎಷ್ಟೋ ವರ್ಷದಿಂದ ಎಲ್ಲದಕ್ಕೂ ಇಲ್ಲ ಅಂತಾನೇ ಹೇಳ್ತಿದೆ, ಯಾಕಂದ್ರೆ ಅದಕ್ಕೆ ಬೇರೆ ಏನೂ ಹೇಳೋಕೆ ಬರಲ್ಲ. ಕೋಟಿನ ಬಣ್ಣ ಹೋಗಲ್ಲ, ನೋಡ್ತಿರಿ. ಹೋದ್ರೆ ಬಾಟಲಿ ಬದುಕಿದೆ, ನನ್ನ ಕಲ್ಲುಹೂವು ಸಾರ್‌ದೇ ಅಂತ ನಾನೇ ಬರೆದುಕೊಡ್ತೀನಿ."

ಕೊನೆಯ ಮಾತು ಬೇಕಿರಲಿಲ್ಲ. ಬಾಯಿಂದ ಹೊರಬಿದ್ದ ಮೇಲೆ ಅವಳಿಗೇ ಅನಿಸಿತು. ಆದರೆ ಗೆದ್ದೇ ಗೆಲ್ಲುತ್ತೇನೆ ಎನ್ನುವವರ ನಾಲಿಗೆಗೆ ಲಗಾಮು ಇರುವುದಿಲ್ಲ.

ಮೂಲಪುರುಷರು ಕೂಗಾಡಬೇಕಿತ್ತು. ಕೂಗಾಡಲಿಲ್ಲ. ತೋಳನ್ನು ಹಿಂದಕ್ಕೂ ಎಳೆದುಕೊಳ್ಳಲಿಲ್ಲ. ರಕ್ತದೊತ್ತಡ ನೋಡಿಸಿಕೊಳ್ಳುವವರಂತೆ ಅದನ್ನು ಮೇಜಿನ ನಡುವಿಗೆ ಚಾಚಿ, ಎಲ್ಲರಿಗೂ ಕಾಣುವಂತೆ ಇಟ್ಟರು. ಅವರ ತುಟಿಯ ತುದಿಯಲ್ಲಿ ಏನೋ ಇತ್ತು. ಪಾಚಿಗೆ ಅದು ಇಷ್ಟವಾಗಲಿಲ್ಲ.

ಇಡೀ ಸಭೆ ಎದ್ದು ಒಂದು ತೋಳಿನ ಮೇಲೆ ಬಗ್ಗಿತು.

ನೀಲಿ. ಇನ್ನೂ ನೀಲಿ. ಪಾಚಿ ಉಸಿರು ಬಿಡಲು ಬಾಯಿ ತೆರೆದಳು. ಆಗ ಹನಿ ಬಿದ್ದ ಜಾಗ ನೇರಳೆಯಾಯಿತು. ನೇರಳೆಯಿಂದ ಕಂದು, ಕಂದಿನಿಂದ ಮಣ್ಣಿನ ಬಣ್ಣ. ಆಮೇಲೆ, ಕಡುನೀಲಿ ತೋಳಿನ ನಟ್ಟನಡುವೆ, ಬೆಳಗಾದಂತೆ ಒಂದು ಬಿಳಿ ವೃತ್ತ ಮೂಡಿತು. ಈಗ ಪಾಚಿಯ ಮೂಗಿಗೂ ಬಂತು ಆ ಘಾಟು. ಅಕ್ಕನ ಅಂಗಡಿಯ, ಬಾಲ್ಯದ, ತಪ್ಪಿಸಿಕೊಳ್ಳಲಾಗದ ಘಾಟು.

"ಬದುಕಿದೆ!" ಎಂದು ಮೂಲಪುರುಷರು ತೋಳನ್ನು ಎತ್ತಿ ಹಿಡಿದರು, ಪೈಲ್ವಾನರ ಹಾಗೆ. "ನನ್ನ ಬಾಟಲಿ ಬದುಕಿದೆ!" ಹಾಳಾದದ್ದು ಅವರದೇ ಕೋಟು ಎಂಬುದು ಆ ಗಳಿಗೆಯಲ್ಲಿ ಅವರಿಗೆ ಲೆಕ್ಕಕ್ಕೇ ಇರಲಿಲ್ಲ.

ಹುಲ್ಲಿನವರು ಚಪ್ಪಾಳೆ ತಟ್ಟಿದರು. ನಿರ್ದೇಶಕಿ ಕನ್ನಡಕ ಹಾಕಿಕೊಂಡು, "ಹಾಗಾದ್ರೆ ಮುಗೀತು. ನೀವೇ ಬರೆದುಕೊಡ್ತೀನಿ ಅಂದ್ರಿ. ಮುಂದಿನವರು?" ಎಂದರು. ಜರಿ ತನ್ನ ಪೊಟ್ಟಣವನ್ನು ಎದೆಗವಚಿಕೊಂಡು ತಲೆ ತಗ್ಗಿಸಿದ.

ಪಾಚಿ ಕೂರಲಿಲ್ಲ.

ಬಾಟಲಿ ಹೇಗೆ ಬದುಕಿತು ಎಂದು ಅವಳಿಗೆ ತಿಳಿಯಲಿಲ್ಲ. ಮೊನ್ನೆ ಸತ್ತಿತ್ತು, ಇವತ್ತು ಎದ್ದು ಕೂತಿದೆ. ಕಿವಿಗಳು ಆಗಲೇ ಬಿಸಿಯಾಗಿದ್ದವು, ಅಕ್ಕ ಹಿಂಡುವ ಮೊದಲೇ. ಎಲ್ಲರ ಕಣ್ಣೂ ಅವಳ ಮೇಲೆ: ಕೂತ್ಕೋ ತಾಯಿ, ಸಾಕು. ಆದರೆ ಅವಳ ಕಣ್ಣು ಮೇಜಿನ ಮೇಲಿನ ತೊಗಟೆಯ ತುಂಡಿನ ಮೇಲಿತ್ತು. ಅದು ಯಾವ ಗಲಾಟೆಗೂ ಜಗ್ಗದೆ ತನ್ನ ಕಪ್ಪು ಗೀರುಗಳನ್ನು ತೋರಿಸಿಕೊಂಡು ಕೂತಿತ್ತು.

"ಮೇಡಂ, ಪಣ ಕಟ್ಟಿದ್ದು ನಾನು, ಸೋತಿದ್ದು ನಾನು," ಎಂದಳು. "ಕೋಟಿನ ದಂಡ ನನ್ನದು. ನಾನು ಕೊಬ್ಬಿದವಳು ಅಂತ ಬೇಕಾದ್ರೆ ಬರೆದುಕೊಡ್ತೀನಿ. ಆದ್ರೆ ಇದು ಯಾವ ಪಣನೂ ಕಟ್ಟಿಲ್ಲ. ಇದನ್ನ ಯಾರೂ ಇನ್ನೂ ಕೇಳೇ ಇಲ್ಲ."

"ಮಾತು ಕೊಟ್ಟಿದ್ರಿ—"

"ನನ್ನ ಮಾತು ಇದರ ಮೈಬಣ್ಣ ಬದಲಾಯಿಸುತ್ತಾ ಮೇಡಂ? ಬಾಟಲಿ ಬದುಕಿದೆ ಅಂತ ಈಗ ಎಲ್ಲರೂ ನೋಡಿದ್ರಿ. ಬದುಕಿರೋ ಬಾಟಲಿಯಿಂದ ಒಂದು ಹನಿ ಇದಕ್ಕೆ ಹಾಕಿ. ಪಕ್ಕದಲ್ಲಿ ಸಾರ್ ಅವರದ್ದನ್ನೂ ಇಡಿ, ಅದಕ್ಕೂ ಒಂದು ಹನಿ. ಅಲ್ಲೀವರೆಗೂ ನಾನು ಕೂರಲ್ಲ. ಪೊಲೀಸರನ್ನ ಕರೆದ್ರೂ ಕೂರಲ್ಲ."

ನಿರ್ದೇಶಕಿ ಮೂಲಪುರುಷರನ್ನು ನೋಡಿದರು. ಗೆದ್ದವರಿಗೆ ದೊಡ್ಡಸ್ತಿಕೆ ತೋರಿಸುವುದು ಸುಲಭ. "ತನ್ನಿ," ಎಂದರು ಅವರು. ಅವರ ಪ್ರಭೇದದ ಒಂದು ತುಂಡು ಕಪಾಟಿನಿಂದ ಬಂತು. ಎರಡೂ ಅಕ್ಕಪಕ್ಕ ಕೂತವು, ಸಂಬಂಧ ನೋಡಲು ಬಂದ ಎರಡು ಮನೆಯವರ ಹಾಗೆ. ಮೂಲಪುರುಷರು ಬ್ಲೇಡಿನಿಂದ ಎರಡನ್ನೂ ಹೆರೆದರು. ಅವರ ಕೈ ಇನ್ನೂ ಎಂಥ ಕೈ ಎಂದು ಪಾಚಿಗೆ ಆ ಗಳಿಗೆಯಲ್ಲೂ ಅನಿಸಿತು: ಕೂದಲೆಳೆಯಷ್ಟೇ ತೆಗೆದರು, ಒಂದು ಗೀರನ್ನೂ ಕೆಡಿಸಲಿಲ್ಲ.

ಮೊದಲ ಹನಿ ಅವರದರ ಮೇಲೆ. ಏನೂ ಆಗಲಿಲ್ಲ.

ಎರಡನೇ ಹನಿ ಅವಳದರ ಮೇಲೆ.

"ಬೇಗ ನೋಡಿ ಸಾರ್, ನಿಲ್ಲಲ್ಲ ಅದು," ಎಂದಳು ಪಾಚಿ.

ಅವರು ಮಸೂರ ಹಿಡಿದು ಬಗ್ಗಿದ್ದರು. ಮಸೂರ ಇಲ್ಲದವರಿಗೂ ಕಂಡಿತು: ಬೂದುಬಣ್ಣದ ನಡುವೆ ಕುಂಕುಮದಷ್ಟು ಕೆಂಪು. ಬಂತು, ಇತ್ತು, ಹೋಯಿತು. ಅವರು ಇನ್ನೊಂದು ಹನಿ ಹಾಕಿದರು. ಮತ್ತೆ ಬಂತು. ಮತ್ತೆ ಬ್ಲೇಡು ಎತ್ತಿ ಇನ್ನೊಂದು ಮೂಲೆ ಹೆರೆದು ಮೂರನೇದು ಹಾಕಿದರು. ಆ ಮೂಲೆಯೂ ಅದನ್ನೇ ಹೇಳಿತು.

ಮೂಲಪುರುಷರು ಮಸೂರ ಕೆಳಗಿಟ್ಟು ತಲೆಯೆತ್ತಿದರು. ಎತ್ತಿದಾಗ ಮೊದಲು ಅವರ ಕಣ್ಣಿಗೆ ಬಿದ್ದದ್ದು ತಮ್ಮದೇ ತೋಳಿನ ಬಿಳಿ ವೃತ್ತ. ಅದನ್ನು ಈಗಷ್ಟೇ ಕಂಡವರಂತೆ ನೋಡಿದರು.

"ಇವತ್ತು ಬೆಳಿಗ್ಗೆ," ಎಂದರು ಮೆಲ್ಲಗೆ, "ಹೊಸದು ತುಂಬಿದೆ. ನಾನೇ. ಮನೆಯಿಂದ, ಬಟ್ಟೆ ಒಗೆಯೋದನ್ನ ಕದ್ದು ತಂದು."

"ಯಾಕೆ ಸಾರ್?" ಎಂದಳು ಪಾಚಿ. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ನಿನ್ನೆ ಕಾರಿಡಾರಿನಲ್ಲಿ ಯಾರೋ ಮಾತಾಡ್ತಿದ್ರು. ನಾನು ಕಪಾಟಿನ ಕೋಣೆ ಬಾಗಿಲ ಹಿಂದೆ ಇದ್ದೆ. ಬೇರೆ ಯಾರಾದ್ರೂ ಬಾಟಲಿ ಸತ್ತಿದೆ ಅಂದಿದ್ರೆ ನಾನು ಸೊಪ್ಪು ಹಾಕ್ತಿರಲಿಲ್ಲ." ಅವರು ಸೊರ್ ಎಂದು ಮೂಗೆಳೆದುಕೊಂಡರು. "ಆದ್ರೆ ಅದನ್ನ ಹೇಳ್ತಿದ್ದೋನು ನಾನು! ದದ್ದದೇ ದನಿ! ನನ್ನ ಜೀವಮಾನದಲ್ಲಿ ನಾನು ನಂಬಿರೋದು ಆ ಒಬ್ಬನನ್ನೇ ಕಣಮ್ಮಾ. ರಾತ್ರಿ ಊಟ ಸೇರಲಿಲ್ಲ. ಸಭೆಯಲ್ಲಿ ಯಾರೂ ಬಾಟಲಿ ಮೇಲೆ ಬೆರಳಿಡಬಾರದು, ಹೊಸದು ಹಾಕಿದ್ರೂ ಗೆಲ್ಲೋದು ನಾನೇ ಅಂತ ತುಂಬಿಸಿಕೊಂಡು ಬಂದೆ. ನಿನ್ನ ಬಾಯಿ ಮುಚ್ಚಿಸೋಕೆ ತಂದಿದ್ದು ಅಬ್ಬಾ ಇದು."

ಇದನ್ನೂ ಬಿಡಿಸಿ ಬರೆಯಲು ಆಗಲಿಲ್ಲ. ಆ "ಅಬ್ಬಾ" ಕೇಳಿ ಮೊದಲು ಜರಿ ಕಿಸಕ್ಕೆಂದ. ಅಣಬೆಯವರು ಕೆಮ್ಮಿದಂತೆ ಮಾಡಿದರು. ನಿರ್ದೇಶಕಿ ಕನ್ನಡಕ ಒರೆಸಲು ಹೋಗಿ ಸೋತು ನಕ್ಕುಬಿಟ್ಟರು.

"ಆ ಕಪಾಟಲ್ಲಿರೋ ನನ್ನ ಇನ್ನೆರಡೂ ಹೊರಗೆ ಬರಬೇಕು ಸಾರ್," ಎಂದಳು ಪಾಚಿ. ಅವಳು ಇನ್ನೂ ನಿಂತೇ ಇದ್ದಳು. "ಇವತ್ತೇ. ಬಾಟಲಿ ಮತ್ತೆ ಸಾಯೋ ಮುಂಚೆ."

"ಬರಲಿ. ಎಲ್ಲಾ ಬರಲಿ. ಯಾರ್ಯಾರದು ನುಂಗಿದೀನೋ ಎಲ್ಲಾ ಕಕ್ಕಿಸು." ಅವರು ಬಾಟಲಿಯನ್ನೇ ಎತ್ತಿ ಅವಳ ಕೈಗಿಟ್ಟರು. ಆಮೇಲೆ ಒಂದು ಆಸೆಯ ಮುಖ ಮಾಡಿದರು. "ಇದಕ್ಕೆ ಹೆಸರು ಏನಿಡ್ತೀಯ? ನೋಡು, ಇದಕ್ಕೋಸ್ಕರ ಒಂದು ಕೋಟು ಕೊಟ್ಟಿದೀನಿ. ನನ್ನ ಹೆಸರು..."

"ಇಡಲ್ಲ ಸಾರ್."

"ಒಂದು ಗೌರವಕ್ಕೆ?"

"ಗೌರವ ಇದೆ. ಹೆಸರು ಇಲ್ಲ."

"ಯಾಕಮ್ಮಾ?"

ಪಾಚಿ ಸೊಂಟಕ್ಕೆ ಕೈಯಿಟ್ಟಳು. ಹೊಟ್ಟೆ ಮುಂದೆ ಮಾಡಿದಳು. ಇಷ್ಟು ವರ್ಷ ಬಾಗಿಲ ಹಿಂದೆ, ಕಾರಿಡಾರಿನ ತಿರುವಿನಲ್ಲಿ ಮಾಡುತ್ತಿದ್ದುದನ್ನು ಮೊದಲ ಸಲ, ಅವರ ಕಣ್ಣಿಗೆ ಕಣ್ಣಿಟ್ಟು, ಅವರದೇ ಕಟ್ಟಿದ ಮೂಗಿನಲ್ಲಿ ಮಾಡಿದಳು. "ದಿಬ್ಬ ಹೆಸರು ಇಟ್ರೆ ದಾಳೆ ಬೆಳಿಗ್ಗೆ ಬಂದು, ಅಬ್ಬಾ, ಇದೂ ದದ್ದದೇ ಅಂತೀರಿ ಸಾರ್."

ಸಭೆಗೆ ಸಭೆಯೇ ನಗೆಯಲ್ಲಿ ಒಡೆದುಹೋಯಿತು. ಹುಲ್ಲಿನವರು ಮೇಜು ಗುದ್ದಿದರು, ಜರಿ ಕುರ್ಚಿಯಿಂದ ಜಾರಿದ, ನಿರ್ದೇಶಕಿ ಕಣ್ಣೊರೆಸಿಕೊಂಡರು. ಆದರೆ ಕೆಳಗಿನ ಬೀದಿಯವರೆಗೆ ಕೇಳಿಸಿ, ದಾರಿಹೋಕರು ನಿಂತು ಮೇಲೆ ನೋಡಿದ ನಗು ಅವರ್ಯಾರದೂ ಅಲ್ಲ. ಬಿಳಿ ಚುಕ್ಕೆಯ ತೋಳಿನಿಂದ ಹೊಟ್ಟೆ ಹಿಡಿದುಕೊಂಡು, ಕಟ್ಟಿದ ಮೂಗು ಅಷ್ಟು ವರ್ಷಗಳ ಮೇಲೆ ಒಮ್ಮೆಗೇ ಸಿಳ್ಳೆ ಹೊಡೆದು ಬಿಟ್ಟುಕೊಳ್ಳುವಷ್ಟು ಜೋರಾಗಿ ನಗುತ್ತಿದ್ದವರು ಮೂಲಪುರುಷರು.